ಅಲ್ಪಕೋಶದ ರಾಜ್ಯರಕ್ಷಣೆ: ಕೆಳದಿ ಸಂಸ್ಥಾನದ ನಿದರ್ಶನ

ಆನೆ, ಕುದುರೆ, ಕೋಟೆ, ಹಡಗು, ಮದ್ದುಗುಂಡುಗಳೆಲ್ಲವನ್ನೂ ಏಕಕಾಲದಲ್ಲಿ ಸಂಪಾದಿಸಬಲ್ಲ ಸಾರ್ವಭೌಮನಿಗೆ, ಇವುಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬ ವಿಚಾರವು ಅಷ್ಟಾಗಿ ಬಾಧಿಸುವುದಿಲ್ಲ. ಕೋಶವು ಪರಿಮಿತವಾಗಿದ್ದು ಶತ್ರುಗಳು ಅನೇಕರಾಗಿರುವ ಚಿಕ್ಕ ರಾಜ್ಯಕ್ಕಾದರೋ ಈ ಪೌರ್ವಾಪರ್ಯದ ವಿವೇಕವೇ ಪ್ರಾಣವಾಗಿರುತ್ತದೆ. ಕೌಟಿಲ್ಯನು ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ರಾಜ್ಯಕ್ಕೆ ಏಳು ಅಂಗಗಳನ್ನು ಎಣಿಸಿ, ಮೊದಮೊದಲಿನ ಅಂಗಕ್ಕೆ ಒದಗಿದ ಕೇಡೇ ಆಮೇಲಾಮೇಲಿನದಕ್ಕೆ ಒದಗಿದ ಕೇಡಿಗಿಂತ ಗುರುತರವೆಂದು ನಿರ್ಣಯಿಸಿದ್ದಾನೆ. ಸೇನೆಗಿಂತ ಕೋಶ, ಕೋಶಕ್ಕಿಂತ ದುರ್ಗ, ದುರ್ಗಕ್ಕಿಂತ ಜನಪದ, ಜನಪದಕ್ಕಿಂತ ಅಮಾತ್ಯ, ಎಲ್ಲಕ್ಕಿಂತ ಸ್ವಾಮಿ ಎಂಬುದು ಆತನ ಮತ. ಈ ಕ್ರಮವು ಬರಿಯ ಶಾಸ್ತ್ರವಾಕ್ಯವಲ್ಲ, ಅನುಭವಸಿದ್ಧವಾದುದೆಂಬುದನ್ನು ನಮ್ಮ ಕೆಳದಿಯ ಅರಸರ ಚರಿತ್ರೆಯಿಂದಲೇ ತಿಳಿಯಬಹುದಾಗಿದೆ.

ಚೌಡಪ್ಪನಾಯಕನಿಂದ ಮೊದಲಾಗಿ ವಿಜಯನಗರದ ಆಶ್ರಯದಲ್ಲಿ ಬೆಳೆದ ಈ ಸಂಸ್ಥಾನವು ೧೫೬೫ರ ಯುದ್ಧದ ತರುವಾಯ ಕ್ರಮೇಣ ತನ್ನ ಕಾಲಮೇಲೆ ತಾನೇ ನಿಲ್ಲಬೇಕಾಯಿತು. ಮೂಡಲಲ್ಲಿ ಮೊದಲು ಬಿಜಾಪುರದವರು, ಆಮೇಲೆ ಮೊಗಲರು, ದಕ್ಷಿಣದಲ್ಲಿ ಮೈಸೂರಿನವರು, ಪಡುಗಡಲಿನಲ್ಲಿ ಪೋರ್ಚುಗೀಸರು. ಇವರ ನಡುವೆ ಕೆಳದಿಯವರ ಬೊಕ್ಕಸಕ್ಕೆ ಆಧಾರವಾಗಿದ್ದುದು ಮಲೆನಾಡಿನ ಮೆಣಸು, ಅಡಕೆ ಮತ್ತು ಕರಾವಳಿಯ ಅಕ್ಕಿ. ಇಷ್ಟರಿಂದಲೇ ನಾಲ್ಕು ದಿಕ್ಕಿಗೂ ಉತ್ತರ ಹೇಳಬೇಕಾಗಿತ್ತು.

ಅವರಿಗೆ ಮೊದಲ ಪಾಠವು ಕಠಿನವಾಗಿಯೇ ದೊರೆಯಿತು. ವೀರಭದ್ರನಾಯಕನ ಕಾಲದಲ್ಲಿ, ೧೬೩೭-೩೮ರ ಸುಮಾರಿಗೆ, ಬಿಜಾಪುರದ ರಣದುಲ್ಲಾಖಾನನ ಸೈನ್ಯವು ರಾಜಧಾನಿಯಾದ ಇಕ್ಕೇರಿಯ ಮೇಲೆ ಬಿದ್ದು ಅದನ್ನು ಸೂರೆಮಾಡಿತು. ಬಯಲುಸೀಮೆಯ ಕಡೆಗೆ ತೆರೆದುಕೊಂಡಿದ್ದ ಆ ಸ್ಥಳವನ್ನು ಉಳಿಸಿಕೊಳ್ಳಬೇಕಾದರೆ ಬಿಜಾಪುರದ ಕುದುರೆಗೆ ಸಮನಾದ ಕುದುರೆಯನ್ನು ಸಾಕಬೇಕಾಗಿತ್ತು. ಅದು ಈ ಸಂಸ್ಥಾನಕ್ಕೆ ಎಂದಿಗೂ ಸಾಧ್ಯವಾಗುವಂತಿರಲಿಲ್ಲ. ಆದುದರಿಂದ ವೀರಭದ್ರನಾಯಕನು ಅಸಾಧ್ಯವಾದುದಕ್ಕೆ ಹಣ ಸುರಿಯದೆ, ೧೬೩೯ರ ಹೊತ್ತಿಗೆ ರಾಜಧಾನಿಯನ್ನೇ ಬಿದನೂರಿಗೆ ಸಾಗಿಸಿದನು. ಸುತ್ತಲೂ ಗುಡ್ಡ, ದಟ್ಟವಾದ ಕಾಡು, ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆ. ಪ್ರಕೃತಿಯೇ ಕಟ್ಟಿಕೊಟ್ಟ ಈ ದುರ್ಗದಲ್ಲಿ ಅರಸನು ವೆಚ್ಚ ಮಾಡಬೇಕಾದುದು ಕಣಿವೆಯ ಬಾಗಿಲುಗಳಿಗೆ ಮಾತ್ರ. ಕೆಲವೇ ಇಕ್ಕಟ್ಟಾದ ದಾರಿಗಳನ್ನು ಕಾಯ್ದರೆ ಇಡೀ ಊರನ್ನೇ ಕಾಯ್ದಂತಾಗುತ್ತಿತ್ತು.

ಅವನ ತರುವಾಯ ಪಟ್ಟವೇರಿದ ಶಿವಪ್ಪನಾಯಕನು (೧೬೪೫–೧೬೬೦) ಕೋಟೆಕೊತ್ತಲಗಳಿಗಾಗಿ ಪ್ರಸಿದ್ಧನಾಗಿರುವಂತೆಯೇ "ಶಿಸ್ತಿ"ಗಾಗಿಯೂ ಪ್ರಸಿದ್ಧನಾಗಿದ್ದಾನೆ. ನೆಲದ ಗುಣವನ್ನೂ ನೀರಿನ ಸೌಕರ್ಯವನ್ನೂ ನೋಡಿ ಭೂಮಿಯನ್ನು ಐದು ತರಗತಿಗಳಾಗಿ ವಿಂಗಡಿಸಿ, ಬಿತ್ತನೆಯ ಖಂಡುಗವನ್ನು ಅಳತೆಯಾಗಿಟ್ಟುಕೊಂಡು, ಬೆಳೆಯ ಮೂರರಲ್ಲೊಂದು ಪಾಲನ್ನು ಅರಮನೆಗೆ ಗೊತ್ತುಮಾಡಿದನು. ಅಡಕೆಯ ತೋಟಕ್ಕೆ ಮರಗಳ ಲೆಕ್ಕದ ಮೇಲೆ ಕಂದಾಯವಿಟ್ಟನು. ಮೂರರಲ್ಲೊಂದು ಪಾಲು ಹಗುರವಾದ ತೆರಿಗೆಯೇನೂ ಅಲ್ಲ. ಆದರೆ ಕೊಡಬೇಕಾದುದು ಎಷ್ಟೆಂಬುದು ಒಕ್ಕಲಿಗನಿಗೆ ಮೊದಲೇ ತಿಳಿದಿರುತ್ತಿತ್ತು, ಬರತಕ್ಕದ್ದು ಎಷ್ಟೆಂಬುದು ಅರಸನಿಗೂ ತಿಳಿದಿರುತ್ತಿತ್ತು. ಆದಾಯವನ್ನು ಅರಿಯದ ರಾಜ್ಯವು ಒಂದು ವರ್ಷ ದಂಡನ್ನು ಕೂಡಿಸಿ ಮರುವರ್ಷ ಸಂಬಳವಿಲ್ಲದೆ ಚದರಿಸುತ್ತದೆ. ಶಿಸ್ತನ್ನು ಕಂದಾಯದ ಸುಧಾರಣೆಯೆಂದು ಮಾತ್ರ ಹೊಗಳುವುದು ರೂಢಿಯಾಗಿದೆ. ರಾಜ್ಯರಕ್ಷಣೆಯ ಮೊದಲನೆಯ ಮೆಟ್ಟಿಲೂ ಅದೇ ಎಂದು ನಾವು ಎಣಿಸುತ್ತೇವೆ.

ಕಡಲಿನ ವಿಷಯದಲ್ಲಿಯೂ ಇದೇ ವಿವೇಕವು ಕಾಣಬರುತ್ತದೆ. ನಡುಗಡಲಿನಲ್ಲಿ ಪೋರ್ಚುಗೀಸರ ಹಡಗುಗಳನ್ನು ಎದುರಿಸುವುದು ಕೆಳದಿಯವರ ಶಕ್ತಿಗೆ ಮೀರಿದ ಮಾತಾಗಿತ್ತು. ಆದರೆ ಆ ಹಡಗುಗಳವರಿಗೂ ಅನ್ನ ಬೇಕಷ್ಟೆ! ಗೋವೆಯು ಕನ್ನಡ ಕರಾವಳಿಯ ಅಕ್ಕಿಯನ್ನೇ ಬಹುಮಟ್ಟಿಗೆ ನಂಬಿಕೊಂಡಿತ್ತು. ಮೆಣಸು ಮಲೆನಾಡಿನಿಂದ ಇಳಿದು ಬರಬೇಕಾಗಿತ್ತು. ಶಿವಪ್ಪನಾಯಕನು ೧೬೫೨-೫೪ರ ಅವಧಿಯಲ್ಲಿ ಬಸರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳನ್ನು ನೆಲದ ಕಡೆಯಿಂದ ಹಿಡಿದನು. ತೆಂಕಣದಲ್ಲಿ ಈಗ ಕೇರಳಕ್ಕೆ ಸೇರಿರುವ ಬೇಕಲ, ಚಂದ್ರಗಿರಿಯ ಕೋಟೆಗಳೂ ಅವನ ಹೆಸರಿನೊಡನೆ ಪ್ರಸಿದ್ಧವಾಗಿವೆ. ನದೀಮುಖಗಳು ಯಾರ ಕೈಯಲ್ಲಿರುವವೋ ಅಕ್ಕಿಯೂ ಮೆಣಸೂ ಅವರ ಕೈಯಲ್ಲಿರುವುವು. ಮುಂದೆ ೧೬೭೮ರಲ್ಲಿ ಚೆನ್ನಮ್ಮಾಜಿಯು ಅದೇ ಪೋರ್ಚುಗೀಸರೊಡನೆ ಸಂಧಿ ಮಾಡಿಕೊಂಡು ವ್ಯಾಪಾರಕ್ಕೆ ಎಡೆಗೊಟ್ಟಳು. ಶತ್ರುವಿನಲ್ಲಿರುವ ಆಯುಧವನ್ನೇ ತಾನೂ ಕೊಳ್ಳಹೋಗದೆ, ಅವನಿಗೆ ಅವಶ್ಯವಾದ ವಸ್ತುವನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವುದು ಅಲ್ಪವ್ಯಯದ ನೀತಿಯು.

ಈ ಏರ್ಪಾಡಿನ ಪರೀಕ್ಷೆ ೧೬೮೯ರಲ್ಲಿ ನಡೆಯಿತು. ಛತ್ರಪತಿ ಶಿವಾಜಿಯ ಮಗನಾದ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವ ದಾರಿಯಲ್ಲಿ ಚೆನ್ನಮ್ಮಾಜಿಯ ಮರೆಹೊಕ್ಕನು. ಆಕೆಯು ಅವನನ್ನು ಕಾಪಾಡಿ ಮುಂದಕ್ಕೆ ಸಾಗಿಸಿದಳು. ಔರಂಗಜೇಬನ ಸೇನೆ ಬಂದಿತಾದರೂ ಸಂಸ್ಥಾನವು ಅವನ ಕೈವಶವಾಗಲಿಲ್ಲ; ವಿಷಯವು ಸಂಧಿಯಲ್ಲಿ ಮುಗಿಯಿತು. ಬಿಜಾಪುರ, ಗೋಲ್ಕೊಂಡಗಳಂತಹ ದೊಡ್ಡ ರಾಜ್ಯಗಳೇ ೧೬೮೬-೮೭ರಲ್ಲಿ ಅಳಿದುಹೋಗಿದ್ದ ಆ ಕಾಲದಲ್ಲಿ ಈ ಚಿಕ್ಕ ಸಂಸ್ಥಾನವು ಉಳಿಯಿತೆಂಬುದನ್ನು ವಾಚಕಮಹಾಶಯರು ಮನನಮಾಡಬೇಕು.

ಹಾಗಾದರೆ ೧೭೬೩ರಲ್ಲಿ ಬಿದನೂರು ಬಿದ್ದುದೇಕೆ? ಗುಡ್ಡಗಳು ಅವೇ, ಕಾಡು ಅದೇ, ಬೊಕ್ಕಸವು ಹಿಂದಿಗಿಂತಲೂ ತುಂಬಿತ್ತು. ಆದರೆ ೧೭೫೫ರಲ್ಲಿ ಬಸಪ್ಪನಾಯಕನು ಲಿಂಗೈಕ್ಯನಾದ ಮೇಲೆ ಪಟ್ಟದ ವಿಷಯದಲ್ಲಿ ಕಲಹ ಹುಟ್ಟಿತ್ತು. ತಾನೇ ಚೆನ್ನಬಸವನಾಯಕನೆಂದು ಹೇಳಿಕೊಂಡ ಯುವಕನೊಬ್ಬನು ಹೈದರನ ಪಾಳೆಯದಲ್ಲಿದ್ದನು. ಸೆರೆಯಲ್ಲಿದ್ದ ಹಿಂದಿನ ಮಂತ್ರಿಯೊಬ್ಬನು ಕಾವಲಿಲ್ಲದ ಗುಪ್ತಮಾರ್ಗವನ್ನು ಹೈದರನಿಗೆ ತೋರಿಸಿದನೆಂದು ವಿಲ್ಕ್ಸನು ಬರೆದಿದ್ದಾನೆ. ಹೈದರನು ಹತ್ತಿರ ಬಂದಹಾಗೆಲ್ಲ ರಾಣಿ ವೀರಮ್ಮಾಜಿಯ ಕಡೆಯಿಂದ ಕಪ್ಪದ ಹಣದ ಮಾತು ಏರುತ್ತ ಹೋಯಿತು. ಆದರೆ ಕಾಲ ಮೀರಿತ್ತು. ರಾಣಿಯು ಬಲ್ಲಾಳರಾಯನದುರ್ಗಕ್ಕೆ ಹೋಗಿ, ಅಲ್ಲಿ ಸೆರೆಸಿಕ್ಕಿ, ಮಧುಗಿರಿಗೆ ಕಳುಹಿಸಲ್ಪಟ್ಟಳು. ಬಿದನೂರು ಹೈದರನಗರವಾಯಿತು. ಅಲ್ಲಿ ದೊರೆತ ಐಶ್ವರ್ಯವೇ ಹೈದರನ ಮುಂದಿನ ಏಳಿಗೆಗೆ ಬುನಾದಿಯಾಯಿತು.

ಮಠಮಾನ್ಯಗಳಿಗೂ ದಾಸೋಹಕ್ಕೂ ಕೊಟ್ಟ ದತ್ತಿಗಳಿಂದ ಕೆಳದಿಯ ಅರಸರು ಬಡವಾಗಿ ರಾಜ್ಯವನ್ನು ಕಳೆದುಕೊಂಡರೆಂದು ಹೇಳುವವರುಂಟು. ತುಂಬಿದ ಬೊಕ್ಕಸವೇ ಶತ್ರುವಿನ ಪಾಲಾಗಿರುವಾಗ ಈ ಮಾತು ನಿಲ್ಲುವುದಿಲ್ಲ. ಹಾಗೆಂದು ಅರಸರು ಶಿವಭಕ್ತರಾಗಿದ್ದರೆಂಬ ಅಭಿಮಾನದಿಂದ ಅವರ ದೋಷವನ್ನು ಮುಚ್ಚುವುದೂ ನಮಗೆ ಯೋಗ್ಯವಲ್ಲ. ಕೊರತೆಯಾದುದು ಹಣವಲ್ಲ. ಜನಪದ, ದುರ್ಗ, ಕೋಶಗಳು ಸರಿಯಾಗಿಯೇ ಇದ್ದು, ಸ್ವಾಮಿ, ಅಮಾತ್ಯ ಎಂಬ ಮೊದಲೆರಡು ಅಂಗಗಳು ಭಗ್ನವಾಗಿದ್ದುವು. ಇವೆರಡನ್ನು ಕಾಪಾಡುವುದಕ್ಕೆ ಹೆಚ್ಚು ಹಣ ಬೇಕಾಗಿಲ್ಲ; ವಿವಾದವಿಲ್ಲದ ಪಟ್ಟವೂ, ತಪ್ಪಿದ ಮಂತ್ರಿಯನ್ನೂ ದ್ವೇಷಿಯನ್ನಾಗಿ ಮಾಡದ ನ್ಯಾಯವೂ ಬೇಕು. ಅವು ಕೆಟ್ಟ ಮೇಲೆ ಎಷ್ಟು ಹಣವನ್ನು ಚೆಲ್ಲಿದರೂ ಪ್ರಯೋಜನವಿಲ್ಲ.

ಆದುದರಿಂದ ಚಿಕ್ಕ ರಾಜ್ಯವು ಮೊದಲು ತನ್ನೊಳಗಿನ ಐಕಮತ್ಯವನ್ನೂ, ಆಮೇಲೆ ಒಕ್ಕಲಿನ ಕ್ಷೇಮವನ್ನೂ, ಆಮೇಲೆ ಕಾಯಲು ಸಾಧ್ಯವಾದ ಬಾಗಿಲುಗಳನ್ನೂ ನೋಡಿಕೊಳ್ಳಬೇಕು. ಉಳಿದುದನ್ನು ಸೇನೆಗೆ ವಿನಿಯೋಗಿಸಬೇಕು. ಇಂದು ಹೊಸನಗರ ತಾಲ್ಲೂಕಿನ ನಗರಕ್ಕೆ ಹೋದವರು ಕೋಟೆಯ ಪಾಳುಗೋಡೆಗಳನ್ನೂ ದೇವಗಂಗೆಯ ಕೊಳಗಳನ್ನೂ ನೋಡಿ ಬರುತ್ತಾರೆ. ಆ ಗೋಡೆಗಳು ದುರ್ಬಲವಾಗಿದ್ದುದರಿಂದ ಊರು ಬೀಳಲಿಲ್ಲವೆಂಬುದನ್ನೂ ಅವರು ನೆನೆಯುವುದು ಒಳಿತು.