ಶನಿವಾರ ರಾತ್ರಿಯ ಕೆಲಸ

ಅರವತ್ತು ಲ್ಯಾಪ್‌ಟಾಪು. ಒಂದೊಂದರ ಚಾರ್ಜರು ಎಳೆಯುವುದು 65 ವ್ಯಾಟ್. ಒಟ್ಟು 3,900 ವ್ಯಾಟ್. 16 ಆಂಪಿಯರಿನ ಒಂದು ಲೈನು 230 ವೋಲ್ಟಿನಲ್ಲಿ ತಾಳುವುದು 3,680. ಈ ಲೆಕ್ಕವನ್ನು ನಾನು ಕಲಿತದ್ದು 2014ರಲ್ಲಿ, ಬನಶಂಕರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ, ನಿದ್ದೆಗೆಟ್ಟು ತಂತ್ರಾಂಶ ಬರೆಯುವ ಹ್ಯಾಕಥಾನ್ ಎಂಬ ಕೂಟದ ನಡುವೆ, ರಾತ್ರಿ ಒಂದೂಮುಕ್ಕಾಲರ ಹೊತ್ತಿಗೆ. ಯಾರೋ ಹುಡುಗ ಕಾಫಿಗೆಂದು ನೀರು ಕಾಯಿಸುವ ಕೆಟಲಿನ ಸ್ವಿಚ್ಚು ಒತ್ತಿದ. ಎಂಸಿಬಿ ಬಿತ್ತು. ಹಾಲೆಲ್ಲ ಕತ್ತಲು. ಮೇನ್ ಬೋರ್ಡಿನ ಕೋಣೆಗೆ ಬೀಗ, ಬೀಗದ ಕೈ ಕತ್ರಿಗುಪ್ಪೆಯಲ್ಲಿ ಯಾರದೋ ಮನೆಯಲ್ಲಿ. ಸೆಕ್ಯುರಿಟಿ ತಾತ ಸೈಕಲ್ ತುಳಿದುಕೊಂಡು ಹೋಗಿ ತರುವಷ್ಟರಲ್ಲಿ ಮೂರು ಹೊಡೆದಿತ್ತು. ಅಷ್ಟು ಹೊತ್ತೂ ಒಬ್ಬರೂ ಎದ್ದು ಹೋಗಲಿಲ್ಲ. ಬ್ಯಾಟರಿ ಇದ್ದವರು ಬರೆದರು, ಬ್ಯಾಟರಿ ಮುಗಿದವರು ಪಕ್ಕದವರ ಪರದೆ ನೋಡುತ್ತಾ ತಪ್ಪು ಹುಡುಕಿಕೊಟ್ಟರು. ಗುರುತಿಲ್ಲದ ಎರಡು ತಂಡಗಳು ಒಂದೇ ಬೆಂಚಿಗೆ ಬಂದು ಕೂತಿದ್ದವು. ಈಗಲೂ ಹಾಲು ನೋಡಲು ಹೋದರೆ ಎಷ್ಟು ಲೈನು ಎಳೆದಿದ್ದೀರಿ ಎಂದೇ ಮೊದಲು ಕೇಳುತ್ತೇನೆ. ಪ್ರೊಜೆಕ್ಟರು, ವೇದಿಕೆ ಎಲ್ಲ ಆಮೇಲೆ.

ಹ್ಯಾಕಥಾನ್ ಎಂಬ ಪದಕ್ಕೆ ಹೆಚ್ಚು ವಯಸ್ಸಾಗಿಲ್ಲ. 1999ರ ಜೂನ್ 4ರಂದು ಕೆನಡಾದ ಕ್ಯಾಲ್ಗರಿಯಲ್ಲಿ, ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಬರೆಯುವ ಹತ್ತು ಮಂದಿ ಒಂದೆಡೆ ಸೇರಿದರು. ಗೂಢಲಿಪಿಯ ತಂತ್ರಾಂಶವನ್ನು ಅಮೆರಿಕದಿಂದ ಹೊರಗೆ ಕಳಿಸಲು ಆಗ ಅಲ್ಲಿನ ರಫ್ತು ಕಾನೂನು ಅಡ್ಡ ಬರುತ್ತಿತ್ತು. ಅದಕ್ಕೇ ಗಡಿಯಾಚೆ ಕೂತು ಬರೆದರು. ಅದೇ ತಿಂಗಳು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಜಾವಾಒನ್ ಸಮ್ಮೇಳನದಲ್ಲಿ ಜಾನ್ ಗೇಜ್, ಪಾಮ್ ವಿ ಎಂಬ ಅಂಗೈ ಕಂಪ್ಯೂಟರಿಗೆ ಜಾವಾದಲ್ಲಿ ಪ್ರೋಗ್ರಾಂ ಬರೆಯಿರಿ ಎಂದು ಬಂದವರಿಗೆ ಸವಾಲು ಹಾಕಿದರು. ಅದಕ್ಕೂ ಹ್ಯಾಕಥಾನ್ ಎಂದೇ ಹೆಸರಾಯಿತು. ತಮ್ಮದೇ ಕೆಲಸ ಮುಗಿಸಲು ಕೂತವರು ಒಂದು ಕಡೆ, ಕಂಪನಿಯ ಸರಕಿಗೆ ಜನ ಕೂಡಿಸಿದವರು ಇನ್ನೊಂದು ಕಡೆ. ದಕ್ಷಿಣ ಬೆಂಗಳೂರಿನಲ್ಲಿ ನಾನು ಕಂಡ ಕಥೆಯಲ್ಲೂ ಈ ಎರಡೂ ಎಳೆಗಳಿವೆ. ನನ್ನ ಒಲವು ಮೊದಲನೆಯದರ ಕಡೆಗೇ, ಅದನ್ನು ಮುಚ್ಚಿಡುವುದಿಲ್ಲ.

ಅಪ್ಪ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿದ್ದರು. 1983ರಲ್ಲಿ ಪುಣೆ ಬಿಟ್ಟು ಇಲ್ಲಿಗೆ ಬಂದ ಇನ್ಫೋಸಿಸ್‌ಗೆ ಬೆಂಗಳೂರಿನಲ್ಲಿ ದಕ್ಕಿದ ಮೊದಲ ಗಿರಾಕಿ ಇದೇ ಮೈಕೋ, ಕಚೇರಿ ಮಾಡಿದ್ದು ಜಯನಗರದಲ್ಲಿ. ‘ಅವರು ನಮ್ಮ ಕಂಪನಿ ಕೆಲಸಕ್ಕೆ ಅಂತ ಬಂದೋರು ಕಣಮ್ಮ’ ಎಂದು ಅಪ್ಪ ಹೇಳುವಾಗ ದನಿಯಲ್ಲಿ ಹೆಮ್ಮೆ ಇರುತ್ತಿತ್ತು. ರಾತ್ರಿ ಪಾಳಿ ನಮ್ಮ ಮನೆಗೆ ಹೊಸದಲ್ಲ. ಹುಡುಗಿ ರಾತ್ರಿ ಹೊರಗೆ ಉಳಿಯುವುದು ಹೊಸದು.

2007ರ ಅಕ್ಟೋಬರ್‌ನಲ್ಲಿ ಯಾಹೂ ಬೆಂಗಳೂರಿನಲ್ಲಿ ಓಪನ್ ಹ್ಯಾಕ್ ಡೇ ನಡೆಸಿತು. ನನಗಾಗ ಇಪ್ಪತ್ತಮೂರು, ಮೊದಲ ಕೆಲಸ. ಅಮ್ಮ ಪೇಪರ್ ಓದುವವಳು. ‘ಹ್ಯಾಕ್ ಮಾಡೋದು ಅಂದ್ರೆ ಬ್ಯಾಂಕಿನ ದುಡ್ಡು ಹೊಡೆಯೋದಲ್ವೇನೇ?’ ಎಂದು ಕೇಳಿದಳು. ಇಲ್ಲಮ್ಮ, ಇರೋದನ್ನ ಬಿಚ್ಚಿ, ಜೋಡಿಸಿ, ಬೇರೆ ಕೆಲಸಕ್ಕೆ ಬರೋ ಹಾಗೆ ಮಾಡೋದು ಎಂದೆ. ‘ಹಾಗಾದ್ರೆ ನಿಮ್ಮಪ್ಪ ಮಿಕ್ಸಿ ರಿಪೇರಿ ಮಾಡ್ತಾರಲ್ಲ, ಹಾಗೆ’ ಎಂದಳು. ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಆಮೇಲೂ ಸಿಕ್ಕಿಲ್ಲ. ಅಪ್ಪ ಸ್ಕೂಟರಿನಲ್ಲಿ ಬಿಟ್ಟುಹೋಗಿ, ಬೆಳಿಗ್ಗೆ ಆರಕ್ಕೆ ಬಂದು ಗೇಟಿನ ಹತ್ತಿರ ನಿಂತಿದ್ದರು.

ಆ ರಾತ್ರಿ ನಾವು ಮೂವರು ಸೇರಿ ಬಸ್ಸಿನ ನಂಬರು ಹುಡುಕಿಕೊಡುವ ಒಂದು ಪುಟ ಮಾಡಿದೆವು. ಬನಶಂಕರಿಯಿಂದ ಎಲ್ಲಿಗೆ ಬೇಕೋ ಹೇಳಿದರೆ ಯಾವ ಬಸ್ಸು ಎಂದು ತೋರಿಸುತ್ತಿತ್ತು. ಅರ್ಧ ಮಾರ್ಗಗಳನ್ನು ನಾನೇ ನೆನಪಿನಿಂದ ತುಂಬಿದ್ದೆ. ತೋರಿಸಲು ಸಿಕ್ಕ ಒಂದೆರಡು ನಿಮಿಷದಲ್ಲಿ ಚಪ್ಪಾಳೆಯೂ ಬಿತ್ತು. ಸೋಮವಾರ ಮೂವರೂ ನಮ್ಮ ನಮ್ಮ ಕೆಲಸಕ್ಕೆ ಹೋದೆವು. ಆ ಪುಟವನ್ನು ನಾವು ಮತ್ತೆ ಮುಟ್ಟಲಿಲ್ಲ. ಅದು ನನಗೆ ಬಹಳ ದಿನ ಕೊರೆಯಿತು. ಬಸ್‌ಸ್ಟಾಪಿನಲ್ಲಿ ನಿಂತವರು ನಿಂತೇ ಇದ್ದರು.

ಅದೇ ವರ್ಷ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಬಾರ್‌ಕ್ಯಾಂಪ್ ಎಂಬ ಕೂಟ ನಡೆಯಿತು. ಮೊದಲೇ ಗೊತ್ತುಮಾಡಿದ ಭಾಷಣಕಾರರಿಲ್ಲ, ಬೋರ್ಡಿನ ಮೇಲೆ ಚೀಟಿ ಅಂಟಿಸಿದವರು ಮಾತಾಡಬಹುದು. ದೊಡ್ಡ ಸಂಸ್ಥೆಯ ಕಲ್ಲಿನ ಕಟ್ಟಡದೊಳಗೆ ನಮ್ಮಂಥವರು ನೆಲದ ಮೇಲೆ ಕೂತು ಮಾತಾಡಬಹುದು ಎಂಬುದೇ ಆಗ ನನಗೆ ದೊಡ್ಡ ಸುದ್ದಿ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು 2009ರ ಡಿಸೆಂಬರ್, ಹೊಸೂರು ರಸ್ತೆಯ ನಿಮ್ಹಾನ್ಸ್ ಸಭಾಂಗಣ. ಅಲ್ಲಿ ನಡೆದದ್ದು ಫಾಸ್ ಡಾಟ್ ಇನ್. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಶುರುವಾಗಿ, 2005ರಲ್ಲಿ ಹೆಸರು ಬದಲಿಸಿಕೊಂಡ ಮುಕ್ತ ತಂತ್ರಾಂಶದ ಸಮ್ಮೇಳನ. ಅದರ ಬೆನ್ನೆಲುಬಾಗಿದ್ದವರು ಅತುಲ್ ಚಿಟ್ನಿಸ್. ಭಾಷಣ ಕೇಳಿ ಮನೆಗೆ ಹೋಗುವುದು ಸಾಕು, ಕೂತು ಕೆಲಸ ಮಾಡಿ ಎಂಬುದು ಆ ಕೂಟದ ಹಟ. ಅದಕ್ಕೆ ‘ವರ್ಕ್‌ಔಟ್’ ಎಂದು ಕರೆಯುತ್ತಿದ್ದರು. ಒಂದು ಪ್ರಾಜೆಕ್ಟಿನವರು ಮೇಜು ಹಾಕಿಕೊಂಡು ಕೂರುವುದು, ಬಂದವರು ಅದರ ಒಂದು ಕೊರತೆಯನ್ನು ಎತ್ತಿಕೊಂಡು ತಿದ್ದುವುದು. ಅಲ್ಲಿ ಯಾರೂ ನಂಬರು ಹಾಕುತ್ತಿರಲಿಲ್ಲ, ವೇದಿಕೆಗೆ ಕರೆದು ಚೆಕ್ಕು ಕೊಡುತ್ತಿರಲಿಲ್ಲ.

ನಾನು ಎತ್ತಿಕೊಂಡದ್ದು ಒಂದು ಒತ್ತಕ್ಷರ. ‘ಸೂರ್ಯ’ ಎಂದು ಬರೆಯಿರಿ. ರಕಾರ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಬರುತ್ತದೆ. ಈಗ ‘ರ‍್ಯಾಂಕ್’ ಎಂದು ಬರೆಯಿರಿ. ಇಲ್ಲಿ ರ ತನ್ನ ಜಾಗದಲ್ಲೇ ನಿಲ್ಲಬೇಕು, ಯ ಒತ್ತಾಗಿ ಕೆಳಗಿಳಿಯಬೇಕು. ಮೊಳೆ ಜೋಡಿಸುವ ಕಾಲದಲ್ಲಿ ಇದು ಸಮಸ್ಯೆಯೇ ಅಲ್ಲ, ಕಂಪೋಸಿಟರ್ ಕೈಗೆ ಗೊತ್ತಿತ್ತು. ಕಂಪ್ಯೂಟರಿಗೆ ಮಾತ್ರ ಎರಡೂ ಒಂದೇ: ರ, ಹಲಂತ, ಯ. ಬೇರೆ ಎಂದು ತಿಳಿಸಲು ರ ಮತ್ತು ಹಲಂತದ ನಡುವೆ ಅಗಲವೇ ಇಲ್ಲದ, ಕಣ್ಣಿಗೇ ಕಾಣದ ಒಂದು ಜೋಡಕವನ್ನು ಯೂನಿಕೋಡ್‌ನವರು ಇಟ್ಟಿದ್ದಾರೆ. ನಾವು ದಿನವೂ ಬಳಸುತ್ತಿದ್ದ ಒಂದು ಟೈಪಿಂಗ್ ತಂತ್ರಾಂಶ ಆ ಜೋಡಕ ಕಂಡ ಕೂಡಲೇ ಪದವನ್ನು ಅಲ್ಲೇ ಮುರಿದು, ಚುಕ್ಕೆಗಳ ಒಂದು ಸೊನ್ನೆ ಬರೆದು, ಅದರ ಕೆಳಗೆ ಒತ್ತನ್ನು ನೇತುಹಾಕುತ್ತಿತ್ತು.

ಸಂಜೆ ಸಭಾಂಗಣದ ಬಾಗಿಲು ಹಾಕಿದರು. ನಾನೂ ಇನ್ನಿಬ್ಬರೂ ಆಟೋ ಹಿಡಿದು ತಿಲಕನಗರದ ಗೆಳತಿಯ ಮನೆಗೆ ಹೋಗಿ ಮುಂದುವರಿಸಿದೆವು. ಅವರಜ್ಜಿ ಹನ್ನೊಂದಕ್ಕೆ ಒಮ್ಮೆ ಬಂದು ಪರದೆ ನೋಡಿ, ‘ಇದೇನು ಅಕ್ಷರ ಹೀಗೆ ಒಡೆದುಹೋಗಿದೆ’ ಎಂದು ಕೇಳಿ, ಹುಳಿಯನ್ನ ಕಲಸಿ ಇಟ್ಟು ಮಲಗಿದರು. ಬೆಳಗಿನ ಜಾವ ನಾಲ್ಕೂವರೆಗೆ ಅಕ್ಷರ ಕೂಡಿಕೊಂಡಿತು. ಒಟ್ಟು ಏಳು ಸಾಲಿನ ತಿದ್ದುಪಡಿ. ಸೋಮವಾರ ಅದನ್ನು ಪ್ರಾಜೆಕ್ಟಿಗೆ ಕಳಿಸಿದೆವು, ಮೂರು ವಾರದ ನಂತರ ಒಪ್ಪಿಕೊಂಡರು. ಆ ದಿನಗಳಲ್ಲಿ ಕನ್ನಡಕ್ಕೆ ಇಂಥ ಕೆಲಸ ಮಾಡುತ್ತಿದ್ದವರು ಬೆರಳೆಣಿಕೆ ಮಂದಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯುವವರು, ಇಂಟರ್‌ಫೇಸು ಅನುವಾದ ಮಾಡುವವರು, ‘ಗುಬ್ಬಿ’, ‘ನವಿಲು’ ಎಂಬ ಯೂನಿಕೋಡ್ ಫಾಂಟುಗಳನ್ನು ಮಾಡಿ ಮುಕ್ತವಾಗಿ ಬಿಟ್ಟುಕೊಟ್ಟವರು, ಬಹುಮಟ್ಟಿಗೆ ಅದೇ ಗುಂಪು. ಆ ಎರಡು ಹಕ್ಕಿಗಳು ಡೆಬಿಯನ್ ಲಿನಕ್ಸಿನೊಳಗೆ ಗೂಡು ಕಟ್ಟಿವೆ.

ಫಾಸ್ ಡಾಟ್ ಇನ್ 2012ಕ್ಕೆ ಕೊನೆಗೊಂಡಿತು. ಮರುವರ್ಷ ಜೂನ್‌ನಲ್ಲಿ ಅತುಲ್ ಚಿಟ್ನಿಸ್ ತೀರಿಕೊಂಡರು. ಜಾಗ ಖಾಲಿ ಉಳಿಯಲಿಲ್ಲ. 2010ರಲ್ಲಿ ಶುರುವಾದ ಸಂಸ್ಥೆ ಹ್ಯಾಸ್‌ಗೀಕ್, ದತ್ತಾಂಶದ ಕೆಲಸದವರಿಗೆಂದು ‘ಫಿಫ್ತ್ ಎಲಿಫೆಂಟ್’ ಸಮ್ಮೇಳನವನ್ನು 2012ರಲ್ಲಿ ಅದೇ ನಿಮ್ಹಾನ್ಸ್‌ನಲ್ಲಿ ಮಾಡಿತು. ಆಮೇಲೆ ಜೆಪಿ ನಗರ ಏಳನೇ ಹಂತದ ಎಂಎಲ್‌ಆರ್ ಸಭಾಂಗಣಕ್ಕೂ ಬಂತು. ಇವು ಕಲಿಯುವ ಕೂಟಗಳು, ಒಳ್ಳೆಯವು. ರಾತ್ರಿ ಕೂರುವ ಕೆಲಸ ಮಾತ್ರ ನಿಧಾನವಾಗಿ ಕಾಲೇಜುಗಳ ಕಡೆ ಸರಿಯಿತು. ನಾನೂ ಹಾಗೆಯೇ ಆಯೋಜಕಿಯಾದೆ.

ಆಯೋಜನೆಯ ವಿದ್ಯೆ ನನಗೆ ಬಂದದ್ದು ನಮ್ಮ ರಸ್ತೆಯ ರಾಜ್ಯೋತ್ಸವದಿಂದ. ಚಂದಾ ಪುಸ್ತಕ, ಶಾಮಿಯಾನ, ಅಡುಗೆ ಭಟ್ಟರು, ಸ್ಟೇಷನ್ನಿನ ಅನುಮತಿ, ಎಲ್ಲ ಒಂದೇ. ರಾತ್ರಿ ಊಟಕ್ಕೆ ಬಿಸಿಬೇಳೆಬಾತ್ ಹಾಕಿದರೆ ಹನ್ನೆರಡಕ್ಕೆ ಅರ್ಧ ಹಾಲು ನಿದ್ದೆ. ಎರಡು ಚಪಾತಿ, ಪಲ್ಯ, ಸ್ವಲ್ಪ ಚಿತ್ರಾನ್ನ ಸಾಕು. ಮೂರು ಗಂಟೆಗೆ ಖಾರದ ಕಡ್ಲೆಪುರಿ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ. ಬೆಳಿಗ್ಗೆ ಆರೂವರೆಗೆ ಬಿಸಿ ಇಡ್ಲಿ ಬಂದರೆ ಎಂಥ ಸೋತ ತಂಡವೂ ಎದ್ದು ಕೂರುತ್ತದೆ.

2014ರಲ್ಲಿ ಅರವತ್ತರಲ್ಲಿ ಹುಡುಗಿಯರು ಏಳೇ ಮಂದಿ. ಹೆಸರು ಕೊಟ್ಟಿದ್ದವರು ಇಪ್ಪತ್ತು. ಹಾಸ್ಟೆಲಿನ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತಿತ್ತು, ಬಿಟಿಎಂ ಲೇಔಟಿನ ಪಿಜಿಗಳಲ್ಲೂ ಅದೇ. ಮುಂದಿನ ವರ್ಷ ಒಬ್ಬೊಬ್ಬರ ತಾಯಿಗೂ ನಾನೇ ಫೋನು ಮಾಡಿದೆ. ಎಲ್ಲಿ, ಎಷ್ಟು ಹೊತ್ತು, ಮಲಗುವ ಕೋಣೆ ಯಾವುದು, ಅದರ ಬೀಗದ ಕೈ ಯಾರ ಹತ್ತಿರ, ಬೆಳಿಗ್ಗೆ ಮನೆಗೆ ಬಿಡುವವರು ಯಾರು. ಹಾಸನದ ಒಬ್ಬ ತಾಯಿ ‘ನೀವು ಅಲ್ಲೇ ಇರ್ತೀರಾ ಮೇಡಂ?’ ಎಂದು ಮೂರು ಸಲ ಕೇಳಿದರು. ಇರ್ತೀನಿ ಅಮ್ಮ ಎಂದೆ. ಆ ಸಲ ಹತ್ತೊಂಬತ್ತು ಹುಡುಗಿಯರು ಬಂದರು. ಹ್ಯಾಕಥಾನಿಗೆ ಹುಡುಗಿಯರು ಬರುವುದಿಲ್ಲ ಎನ್ನುವವರ ಮುಂದೆ ನಾನು ಈ ಫೋನಿನ ಕಥೆ ಇಡುತ್ತೇನೆ.

ಆಮೇಲಿನ ವರ್ಷಗಳಲ್ಲಿ ಬಹುಮಾನದ ಚೆಕ್ಕು ದೊಡ್ಡದಾಯಿತು, ಅದನ್ನು ರಟ್ಟಿನ ಮೇಲೆ ಅಚ್ಚು ಹಾಕಿಸಿ ಹಿಡಿಯುವ ಫೋಟೊ ಬಂತು. 2017ರ ಏಪ್ರಿಲ್ 1 ಮತ್ತು 2ರಂದು ಕೇಂದ್ರ ಸರ್ಕಾರ ಮೊದಲ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ನಡೆಸಿತು. ಬಿಡುವಿಲ್ಲದ 36 ಗಂಟೆ, 29 ಇಲಾಖೆಗಳು ಕೊಟ್ಟ 598 ಸಮಸ್ಯೆಗಳು. ಹ್ಯಾಕಥಾನ್ ಎಂಬ ಪದ ಸಣ್ಣ ಊರಿನ ಮನೆಗಳನ್ನೂ ತಲುಪಿದ್ದು ಆಗ, ಅದು ಸಣ್ಣ ಸಾಧನೆಯಲ್ಲ. ಜೊತೆಗೆ ಹ್ಯಾಕಥಾನ್ ರೆಸ್ಯೂಮೆಯ ಒಂದು ಸಾಲೂ ಆಯಿತು. ಒಂದೇ ಪ್ರಾಜೆಕ್ಟನ್ನು ಹೆಸರು ಬದಲಿಸಿ ನಾಲ್ಕು ಕಡೆ ತೋರಿಸುವ ತಂಡಗಳನ್ನು ಕಂಡಿದ್ದೇನೆ. ಮಕ್ಕಳನ್ನು ಬೈಯಲು ಮನಸ್ಸಾಗಲಿಲ್ಲ, ಕೆಲಸ ಸಿಗಬೇಕಲ್ಲ.

ಮನಸ್ಸು ಕೆಟ್ಟದ್ದು ಬೇರೆ ಕಾರಣಕ್ಕೆ. ನಾವು ನಡೆಸಿದ ಒಂದು ಹ್ಯಾಕಥಾನಿಗೆ ದುಡ್ಡು ಕೊಟ್ಟ ಕಂಪನಿಯೊಂದು ನೋಂದಣಿ ಹಾಳೆಯ ಹಿಂಬದಿಯಲ್ಲಿ, ಬರೆದ ಕೋಡೆಲ್ಲ ತನ್ನದು ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿತ್ತು. ನಾನು ಓದಿರಲಿಲ್ಲ. ತುಮಕೂರಿನಿಂದ ಬಂದಿದ್ದ ಇಬ್ಬರು ಹುಡುಗರು ಕಿವಿ ಕೇಳದವರಿಗೆಂದು ಬರೆದ ಪ್ರೋಗ್ರಾಂ ಅದರಡಿ ಸೇರಿಹೋಯಿತು. ಆ ಕಂಪನಿ ಅದನ್ನು ಬಳಸಲೂ ಇಲ್ಲ, ಬಿಟ್ಟುಕೊಡಲೂ ಇಲ್ಲ. ಹುಡುಗರು ಎರಡು ಸಲ ಫೋನು ಮಾಡಿದರು, ಮೂರನೇ ಸಲ ಮಾಡಲಿಲ್ಲ. ಆಮೇಲಿನಿಂದ ನನ್ನ ಹಾಳೆಯ ಮೊದಲ ಸಾಲು: ಇಲ್ಲಿ ಬರೆದದ್ದು ಬರೆದವರದು. ಇದನ್ನು ಒಪ್ಪದ ದುಡ್ಡನ್ನು ಎರಡು ಸಲ ವಾಪಸು ಕಳಿಸಿದ್ದೇನೆ.

ಹಳೆಯ ಎಳೆ ಮತ್ತೆ ಕೈಗೆ ಸಿಕ್ಕಿದ್ದು ಜೆಪಿ ನಗರದಲ್ಲಿ. 2020ರಲ್ಲಿ ಶುರುವಾದ ಫಾಸ್ ಯುನೈಟೆಡ್ ಸಂಸ್ಥೆ ನಡೆಸುವ ಹ್ಯಾಕಥಾನ್ ಫಾಸ್ ಹ್ಯಾಕ್‌ನಲ್ಲಿ ಬರೆದದ್ದು ಮುಕ್ತ ಪರವಾನಗಿಯಲ್ಲೇ ಇರಬೇಕು. ಹೊಸದನ್ನೇ ಕಟ್ಟಬೇಕೆಂದಿಲ್ಲ, ಇರುವುದಕ್ಕೆ ಸೇರಿಸಿದರೂ ಸರಿ. ಬಹುಮಾನ ಅಲ್ಲೂ ಉಂಟು, ಆದರೆ ಕೋಡು ಊರಿಗೆಲ್ಲ ಉಳಿಯುತ್ತದೆ. ಅದರ ಬೆನ್ನಿಗೆ ನಿಂತವರಲ್ಲಿ ಜೆಪಿ ನಗರ ನಾಲ್ಕನೇ ಹಂತದ ಷೇರು ವಹಿವಾಟಿನ ಕಂಪನಿ ಝೆರೋಧಾದವರೂ ಇದ್ದಾರೆ. ಅಲ್ಲಿನ ಕೈಲಾಶ್ ನಾಧ್ 2019ರಲ್ಲಿ ‘ಅಲರ್’ ನಿಘಂಟನ್ನು ಅಂತರ್ಜಾಲಕ್ಕೆ ತಂದರು. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಸುಮಾರು ಒಂದೂವರೆ ಲಕ್ಷ ಪದ, 2.4 ಲಕ್ಷ ಅರ್ಥ, ಎಲ್ಲವೂ ಯಾರು ಬೇಕಾದರೂ ಬಳಸುವಂತೆ ಮುಕ್ತ. ನಲವತ್ತು ವರ್ಷದ ರಾತ್ರಿಗಳು ಅವು. ಫಾಸ್ ಯುನೈಟೆಡ್‌ನ ಇಂಡಿಯಾಫಾಸ್ ಸಮ್ಮೇಳನ 2024ರ ಸೆಪ್ಟೆಂಬರ್‌ನಲ್ಲಿ ನಿಮ್ಹಾನ್ಸ್ ಸಭಾಂಗಣದಲ್ಲೇ ನಡೆಯಿತು. ಹದಿನೈದು ವರ್ಷದ ಹಿಂದೆ ನಮ್ಮ ಮೇಜು ಇದ್ದ ಮೂಲೆಗೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಕಳೆದ ಸಲ ನಾನು ನಡೆಸಿದ ಸಣ್ಣ ಹ್ಯಾಕಥಾನಿಗೆ ಬಿಟಿಎಂ ಲೇಔಟಿನ ಪಿಜಿಯಿಂದ ಒಬ್ಬ ಹುಡುಗಿ ಬಂದಿದ್ದಳು, ಚಳ್ಳಕೆರೆಯವಳು. ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದವಳು. ಅಲರ್‌ನ ಪದಗಳನ್ನು ಇಟ್ಟುಕೊಂಡು, ಪಠ್ಯದ ಇಂಗ್ಲಿಷ್ ಪದದ ಮೇಲೆ ಬೆರಳಿಟ್ಟರೆ ಕನ್ನಡ ತೋರಿಸುವ ಸಲಕರಣೆ ಬರೆಯುತ್ತಿದ್ದಳು. ಭಾನುವಾರ ಮಧ್ಯಾಹ್ನಕ್ಕೆ ಮುಗಿಯಲಿಲ್ಲ. ತೋರಿಸುವ ಸರದಿ ಬಂದಾಗ, ಇನ್ನೂ ಆಗಿಲ್ಲ ಮೇಡಂ, ಆಮೇಲೆ ತೋರಿಸ್ತೀನಿ ಎಂದು ಕೂತಲ್ಲಿಂದಲೇ ಹೇಳಿದಳು.

ಸೋಮವಾರ ರಾತ್ರಿ ಹತ್ತಕ್ಕೆ ಅವಳ ಫೋನು. ‘ಮೇಡಂ, ಎಲ್ಲ ಸರಿ ಬರ್ತಿದೆ, ರ‍್ಯಾಂಕ್ ಅನ್ನೋದು ಮಾತ್ರ ತಪ್ಪು ಬರ್ತಿದೆ. ಅರ್ಕಾವೊತ್ತು ಆಗೋಗ್ತಿದೆ.’

ಒಲೆ ಆರಿಸಿ ಬಂದು ಲ್ಯಾಪ್‌ಟಾಪು ತೆಗೆದೆ. ‘ಜೋಡಕ ಎಲ್ಲಿ ಹಾಕಿದ್ದೀಯಮ್ಮ?’

‘ಹಲಂತ ಆದಮೇಲೆ.’

‘ಅದಕ್ಕೆ ಮುಂಚೆ ಹಾಕು. ರ ಆದ ತಕ್ಷಣ.’

ಕೀಲಿಮಣೆಯ ಸದ್ದು ಕೇಳಿಸುತ್ತಿತ್ತು. ನಾನು ಫೋನು ಕಿವಿಗಿಟ್ಟುಕೊಂಡು ಕಾದೆ.