ಸವೆಯಲೆಂದೇ ಇಟ್ಟ ಭಾಗ

ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಮೌಂಟನ್ ಬೈಕಿನಲ್ಲಿ ಹಿಂಚಕ್ರದ ಚೌಕಟ್ಟು ಮುಖ್ಯ ಫ್ರೇಮಿಗೆ ಬೆಸೆದುಕೊಂಡಿರುವುದಿಲ್ಲ. ಕೀಲುಗಳ ಮೇಲೆ ಕೂತು ಮೇಲೆ ಕೆಳಗೆ ಆಡುತ್ತದೆ. ಆ ಕೀಲುಗಳೊಳಗೆ ಹತ್ತು ರೂಪಾಯಿ ನಾಣ್ಯದಷ್ಟೋ ಅದಕ್ಕಿಂತ ಚಿಕ್ಕದಾಗಿಯೋ ಇರುವ ಬೇರಿಂಗುಗಳಿವೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಸೀಮೆಯಲ್ಲಿ ಅವು ಬೇಗ ತುಕ್ಕು ಹಿಡಿಯುತ್ತವೆ. ಹಿಂಭಾಗ ಕಿರುಗುಟ್ಟತೊಡಗುತ್ತದೆ, ಅಲ್ಲಾಡುತ್ತದೆ, ಕೊನೆಗೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಬೇಕಾಗುತ್ತದೆ. ಇದನ್ನು ಕಂಡವರಲ್ಲಿ ಹಲವರು ಒಂದು ಮಾತು ಹೇಳುತ್ತಾರೆ: ಹಿಂದೆ ಊರಿನ ಸೈಕಲ್ ಅಂಗಡಿಯವರು ಎಲ್ಲವನ್ನೂ ರಿಪೇರಿ ಮಾಡುತ್ತಿದ್ದರು, ಈಗ ಕಿತ್ತೆಸೆದು ಹೊಸದು ಹಾಕುವುದೊಂದೇ ಉಳಿದಿದೆ, ಆ ಕಸುಬಿನ ಕಾಲ ಮುಗಿಯಿತು. ಇದೇ ಸೀಮೆಯ ಇನ್ನಂಜೆ, ಶಂಕರಪುರ, ಕಟಪಾಡಿ, ಶಿರ್ವದ ಸುತ್ತಲಿನ ಚಕ್ರಗಳ ಚರಿತ್ರೆಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಸವೆತವನ್ನು ಒಂದು ಚಿಕ್ಕ ಭಾಗದ ಪಾಲಿಗೆ ಬಿಟ್ಟು ಉಳಿದದ್ದನ್ನು ಕಾಪಾಡುವ ಬುದ್ಧಿ ಹಳೆಯದು. ಅದನ್ನು ನಡೆಸಿಕೊಂಡು ಬಂದವರೇ ಈ ಕಸುಬಿನವರು.

ಎತ್ತಿನ ಗಾಡಿಯನ್ನೇ ನೋಡಿ. ಚಕ್ರದ ನಡುವಿನ ಮರದ ಗುಂಭದೊಳಗೆ ಎರಕದ ಕಬ್ಬಿಣದ ಬುಶ್ಶು ಕೂರಿಸಿ ಅದರಲ್ಲಿ ಅಚ್ಚನ್ನು ತೂರಿಸುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆಯನ್ನು ಬಿಡದೆ ಹಚ್ಚುತ್ತಿದ್ದರೂ ಬುಶ್ಶು ಸವೆಯುತ್ತಿತ್ತು. ಸವೆದಾಗ ಬಡಗಿ ಚಕ್ರವನ್ನು ಎಸೆಯುತ್ತಿರಲಿಲ್ಲ, ಬುಶ್ಶನ್ನಷ್ಟೇ ಬದಲಿಸುತ್ತಿದ್ದ. ಆಮೇಲೆ ಬಂದ ಸೈಕಲ್ಲಿನ ಹಬ್ಬಿನಲ್ಲಿ ಬುಶ್ಶಿನ ಬದಲು ಉಕ್ಕಿನ ಗುಂಡುಗಳಿದ್ದವು. ಪ್ಯಾರಿಸ್ಸಿನ ಜೂಲ್ ಸುರಿರೇ 1869ರಲ್ಲಿ ಸೈಕಲ್ಲಿನ ಬಾಲ್ ಬೇರಿಂಗಿಗೆ ಪೇಟೆಂಟ್ ಪಡೆದಿದ್ದ. ಎಲ್ಲ ಗುಂಡುಗಳನ್ನೂ ಒಂದೇ ಅಳತೆಗೆ ಅರೆಯುವ ಯಂತ್ರವನ್ನು ಜರ್ಮನಿಯ ಶ್ವೈನ್‌ಫರ್ಟಿನಲ್ಲಿ ಫ್ರೀಡ್ರಿಷ್ ಫಿಷರ್ 1883ರಲ್ಲಿ ಕಟ್ಟಿದ ಮೇಲೆಯೇ ಅವು ಅಗ್ಗವಾದದ್ದು. ಸ್ವಾತಂತ್ರ್ಯ ಬಂದ ಹತ್ತು ವರ್ಷದೊಳಗೆ ನಮ್ಮಲ್ಲೇ ಸೈಕಲ್ ಕಾರ್ಖಾನೆಗಳು ಎದ್ದವು: 1949ರಲ್ಲಿ ಮದರಾಸಿನ ಟಿ.ಐ., 1951ರಲ್ಲಿ ಅಟ್ಲಾಸ್, 1956ರಲ್ಲಿ ಹೀರೋ. ಇವರೆಲ್ಲರ ಸೈಕಲ್ಲಿನ ಒಳಗೂ ಅದೇ ಏರ್ಪಾಟು: ಬಟ್ಟಲಿನಂಥ ಕಪ್ಪು, ಅದರೊಳಗೆ ಬಿಡಿ ಗುಂಡುಗಳು, ಅವನ್ನು ಒತ್ತಿ ಹಿಡಿಯುವ ಕೋನು.

ಆ ಏರ್ಪಾಟನ್ನು ಕರಾವಳಿಯ ಅಂಗಡಿಯವರು ಹೇಗೆ ಕಾಪಾಡಿದರು ಎಂಬುದು ಇಲ್ಲಿ ಮುಖ್ಯ. ಹಿಂದಿನ ಹಬ್ಬಿಗೆ ಒಂದೊಂದು ಬದಿಗೆ ಕಾಲಿಂಚಿನ ಒಂಬತ್ತು ಗುಂಡು, ಮುಂದಿನದಕ್ಕೆ ಅದಕ್ಕಿಂತ ಸಣ್ಣವು ಹತ್ತು. ಈ ಲೆಕ್ಕ ಅಂಗಡಿಗೆ ಕೆಲಸ ಕಲಿಯಲು ಬಂದ ಹುಡುಗನಿಗೂ ಬಾಯಿಪಾಠ. ಮೀನಿನ ಪೆಟ್ಟಿಗೆ ಹೊತ್ತು ಮನೆಮನೆಗೆ ಹೋಗುತ್ತಿದ್ದ ಸೈಕಲ್ಲಿನ ಹಿಂದಿನ ಹಬ್ಬಿಗೆ ಮಂಜುಗಡ್ಡೆ ಕರಗಿದ ಉಪ್ಪುನೀರು ಇಳಿಯುತ್ತಿತ್ತು. ಮಳೆಗಾಲದಲ್ಲಿ ಮುರಕಲ್ಲಿನ ಕೆಂಪು ರಾಡಿ ಬೇರೆ. ಅದಕ್ಕೇ ವರ್ಷಕ್ಕೊಮ್ಮೆ ಓವರಾಯಿಲಿಂಗ್: ಎಲ್ಲವನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿ, ಕೋನನ್ನು ಬಿಗಿಯೂ ಆಗದ ಸಡಿಲವೂ ಆಗದ ಹದಕ್ಕೆ ತರುವುದು. ಹಳೆಯದನ್ನೇ ಉಳಿಸಿಕೊಳ್ಳುತ್ತಿದ್ದರು ಎಂಬ ನೆನಪು ಅರ್ಧ ಮಾತ್ರ ನಿಜ. ಗುಳಿ ಬಿದ್ದ ಕೋನು, ಹೊಳಪು ಕಳೆದುಕೊಂಡ ಗುಂಡು ಡಬ್ಬಿಗೆ ಹೋಗುತ್ತಿದ್ದವು. ಹೊಸ ಗುಂಡುಗಳನ್ನು ಎಣಿಸಿ ಹಾಕುತ್ತಿದ್ದರು. ಹಬ್ಬು ಇಪ್ಪತ್ತು ವರ್ಷ ಬಾಳಿದ್ದು ಅದರೊಳಗಿನದು ಮತ್ತೆ ಮತ್ತೆ ಬದಲಾದ್ದರಿಂದ.

ಬೈಕಿನ ಕೀಲಿನಲ್ಲಿರುವುದು ಉಂಗುರ, ಗುಂಡು, ಗ್ರೀಸ್ ಎಲ್ಲ ಒಂದೇ ತುಂಡಾಗಿ ಬರುವ ಮುಚ್ಚಿದ ಬೇರಿಂಗು; ಅದು ಇಲ್ಲಿಗೆ ಮೌಂಟನ್ ಬೈಕಿನ ಜೊತೆ ಬಂದದ್ದೂ ಅಲ್ಲ. ಕ್ಯಾಲಿಫೋರ್ನಿಯಾದ ಫಿಲ್ ವುಡ್ 1971ರಲ್ಲಿ ಮುಚ್ಚಿದ ಬೇರಿಂಗಿನ ಸೈಕಲ್ ಹಬ್ಬು ಮಾಡಿದ. ಆದರೆ ಅಂಥ ಬೇರಿಂಗು ನಮ್ಮ ಮನೆಗಳಿಗೆ ಬಂದದ್ದು ಸೀಲಿಂಗ್ ಫ್ಯಾನಿನೊಳಗೆ, ತೋಟಕ್ಕೆ ಬಂದದ್ದು ಪಂಪ್‌ಸೆಟ್ಟಿನೊಳಗೆ, ರಸ್ತೆಗೆ ಬಂದದ್ದು ಮೋಟಾರ್‌ಸೈಕಲ್ಲಿನ ಚಕ್ರದೊಳಗೆ. ತೋಕೂರಿನಿಂದ ಉಡುಪಿಗೆ 1993ರ ಮಾರ್ಚಿನಲ್ಲಿ ರೈಲು ಓಡತೊಡಗಿ, 1998ರ ಜನವರಿ 26ರಂದು ಕೊಂಕಣ ರೈಲ್ವೆಯ ಇಡೀ ಹಾದಿಯಲ್ಲಿ ಸಂಚಾರ ಶುರುವಾಯಿತು. ಆ ಹೊತ್ತಿಗೆ ಸರಕು ವ್ಯಾಗನ್ನುಗಳ ಅಚ್ಚಿನ ತುದಿಯಲ್ಲೂ ಗ್ರೀಸ್ ತುಂಬಿ ಮುಚ್ಚಿ ಬಂದ ರೋಲರ್ ಬೇರಿಂಗುಗಳಿದ್ದವು. ಇನ್ನಂಜೆ ನಿಲ್ದಾಣ ದಾಟುವ ವ್ಯಾಗನ್ನಿಗೂ ಬೈಕಿನ ಕೀಲಿಗೂ ನಿಯಮ ಒಂದೇ: ಹೋದರೆ ಇಡಿಯಾಗಿ ಬಿಚ್ಚಿ ಇಡಿಯಾಗಿ ಬದಲಿಸು. ಬೇರಿಂಗಿನ ಅಂಚಿನಲ್ಲಿ ಕೊರೆದ ಸಂಖ್ಯೆಯನ್ನು ಓದಬಲ್ಲವರಿಗೆ ಇದು ಇನ್ನೂ ಸ್ಪಷ್ಟ. ಫ್ಯಾನಿನ 6202, ಬೈಕಿನ ಕೀಲಿನ 6902, ಎರಡರಲ್ಲೂ ಕೊನೆಯ 02 ಎಂದರೆ ಒಳರಂಧ್ರ 15 ಮಿಲಿಮೀಟರ್. ಹೊರವ್ಯಾಸ ಮೊದಲನೆಯದಕ್ಕೆ 35, ಎರಡನೆಯದಕ್ಕೆ 28. ಒಂದೇ ಮನೆತನದ ಎರಡು ಕುಡಿಗಳು. ಮೋಟಾರು ರಿವೈಂಡಿಂಗ್ ಮಾಡುವವರಿಗೆ ಈ ಲೆಕ್ಕವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಇನ್ನು ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಚಕ್ರ ಸುತ್ತುತ್ತದೆ, ಕೀಲು ಸುತ್ತುವುದಿಲ್ಲ. ಕೆಲವೇ ಡಿಗ್ರಿ ಅತ್ತಿತ್ತ ಆಡುತ್ತದೆ. ಆದ್ದರಿಂದ ಭಾರವೆಲ್ಲ ಒಂದಿಷ್ಟೇ ಗುಂಡುಗಳ ಮೇಲೆ, ಒಂದೇ ಜಾಗದ ಮೇಲೆ ಬೀಳುತ್ತದೆ. ಗ್ರೀಸ್ ಪಕ್ಕಕ್ಕೆ ಸರಿದು ಉಂಗುರದಲ್ಲಿ ಗುಂಡಿನ ಗುರುತು ಮೂಡುತ್ತದೆ. ಹಾಗಾದರೆ ಅಲ್ಲಿ ಬೇರಿಂಗು ಏಕೆ, ಗಾಡಿಯ ಬುಶ್ಶೇ ಸಾಕಲ್ಲವೇ? ಪ್ರಶ್ನೆ ನ್ಯಾಯವಾದದ್ದು. 1990ರ ದಶಕದಲ್ಲಿ ಹಿಂದಿನ ಸಸ್ಪೆನ್ಷನ್ ಹರಡತೊಡಗಿದಾಗ ಎಷ್ಟೋ ಫ್ರೇಮುಗಳ ಕೀಲಿನಲ್ಲಿ ಇದ್ದದ್ದು ಬುಶ್ಶೇ. ಇಂದಿಗೂ ಶಾಕ್ ಅಬ್ಸಾರ್ಬರಿನ ಕಿವಿಯಲ್ಲಿ ಹೆಚ್ಚಾಗಿ ಇರುವುದು ಅದೇ. ಆದರೆ ಬುಶ್ಶು ತುಸು ಹಿಡಿದರೂ ಸಣ್ಣ ಉಬ್ಬುತಗ್ಗುಗಳಿಗೆ ಕೀಲು ಆಡುವುದಿಲ್ಲ, ತುಸು ಸವೆದರೂ ಹಿಂಚಕ್ರ ಪಕ್ಕಕ್ಕೆ ವಾಲುತ್ತದೆ. ಅದಕ್ಕಾಗಿ ತಯಾರಕರು ಗುಂಡುಗಳನ್ನು ದೂರ ದೂರ ಹಿಡಿದಿಡುವ ಪಂಜರವನ್ನು ತೆಗೆದು, ಉಂಗುರದ ತುಂಬ ಗುಂಡುಗಳನ್ನೇ ತುಂಬಿದ ಬೇರಿಂಗನ್ನು ಕೀಲಿಗೆ ತಂದರು. ವೇಗವಾಗಿ ಸುತ್ತಲು ಅದು ಒಗ್ಗದು, ಭಾರ ಹೊರಲು ಒಗ್ಗುತ್ತದೆ. ಬಿಡಿ ಗುಂಡುಗಳನ್ನು ಕಪ್ಪಿನ ಸುತ್ತ ಒತ್ತಾಗಿ ಜೋಡಿಸುತ್ತಿದ್ದ ಹಳೆಯ ಸೈಕಲ್ ಅಂಗಡಿಯವರು ಮಾಡುತ್ತಿದ್ದುದೂ ಇದನ್ನೇ.

ಇದು ಹಣವಂತರ ಬೈಕು, ಇದಕ್ಕೆ ಬೇಕಾದ ಉಪಕರಣ ಊರಿನಲ್ಲಿಲ್ಲ ಎಂಬ ಮಾತೂ ಇದೆ. ಬೈಕು ದುಬಾರಿ ಎಂಬುದು ನಿಜ. ರಾಜ್ಯ ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳ ಸಂಖ್ಯೆಯ ಮುಂದೆ ಇಂಥ ಬೈಕುಗಳ ಸಂಖ್ಯೆ ಏನೂ ಅಲ್ಲ. ಉಪಕರಣದ ಮಾತು ಮಾತ್ರ ಸರಿಯಲ್ಲ. ಉದ್ದದ ಬೋಲ್ಟು, ಎರಡು ನಟ್ಟು, ಸರಿಯಾದ ಅಳತೆಯ ವಾಷರುಗಳಿದ್ದರೆ ಬೇರಿಂಗನ್ನು ನೇರವಾಗಿ ಒತ್ತಿ ಕೂರಿಸಬಹುದು. ಒತ್ತುವುದು ಹೊರ ಉಂಗುರದ ಮೇಲೆ ಮಾತ್ರ. ಒಳ ಉಂಗುರಕ್ಕೆ ಸುತ್ತಿಗೆಯ ಪೆಟ್ಟು ಬಿದ್ದರೆ ಹೊಸ ಬೇರಿಂಗು ಅಲ್ಲೇ ಕೆಡುತ್ತದೆ. ಅಲ್ಯೂಮಿನಿಯಂ ಗೂಡಿಗೆ ಅಂಟಿದ ತುಕ್ಕು, ಮಣ್ಣು ತೆಗೆಯಬೇಕು, ಓರೆಯಾಗದಂತೆ ನೋಡಬೇಕು, ಕೀಲಿನ ಬೋಲ್ಟನ್ನು ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಇಲ್ಲಿ ಒಂದು ನಷ್ಟವನ್ನು ಒಪ್ಪಬೇಕು: ಬೆರಳ ತುದಿಯಲ್ಲಿ ಕೋನಿನ ಹದ ಹಿಡಿಯುವ ಕೌಶಲಕ್ಕೆ ಈ ಕೀಲಿನಲ್ಲಿ ಕೆಲಸವಿಲ್ಲ, ಅದು ಕ್ರಮೇಣ ಮರೆಯಾಗುತ್ತಿದೆ, ನನಗೆ ಅದರ ಬಗ್ಗೆ ದುಃಖವಿದೆ. ಆದರೆ ಶಬ್ದ ಕೇಳಿ ಯಾವ ಕೀಲು ಹೋಗಿದೆ ಎಂದು ಗುರುತಿಸುವುದು, ಗೂಡಿಗೆ ಗಾಯವಾಗದಂತೆ ಹಳೆಯದನ್ನು ಹೊರತರುವುದು ಕೂಡ ಕಸುಬೇ. ಬಂಟಕಲ್ಲಿನ ಇಂಜಿನಿಯರಿಂಗ್ ಕಾಲೇಜು ಇನ್ನಂಜೆಗೆ ದೂರವಿಲ್ಲ. ಅಲ್ಲಿನ ವರ್ಕ್‌ಶಾಪಿನ ಒಂದು ದಿನವನ್ನು ಸುತ್ತಲಿನ ಸೈಕಲ್ ಅಂಗಡಿಯವರಿಗೆ ಈ ಕೆಲಸ ತೋರಿಸಲು ಬಿಟ್ಟುಕೊಟ್ಟರೆ ವಿದ್ಯಾರ್ಥಿಗಳೂ ಅಂಗಡಿಯವರೂ ಇಬ್ಬರೂ ಕಲಿಯುತ್ತಾರೆ. ಬೈಕು ಇಟ್ಟವರಲ್ಲಿ ನನ್ನ ವಿನಂತಿ ಇಷ್ಟೆ: ಫ್ರೇಮನ್ನು ಬೆಂಗಳೂರಿಗೆ ಕಳಿಸುವ ಮೊದಲು ಬೇರಿಂಗಿನ ಅಂಚಿನ ಸಂಖ್ಯೆಯನ್ನು ಬರೆದುಕೊಂಡು ನಿಮ್ಮ ಊರಿನ ಅಂಗಡಿಗೆ ಹೋಗಿ ಕೇಳಿ.