ಬೆರಳ ತುದಿಯ ಅಲೆ

2021ರ ಜನವರಿ. ಜೋಯಿಡಾದ ಬೆಳಗಿನ ಚಳಿ ಗೊತ್ತಲ್ಲ... ಕೆಮ್ಮುತ್ತಿದ್ದ ಅಜ್ಜಿಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ಬರೀ ಗೀಟು! ಅಲೆಯೂ ಇಲ್ಲ, ಅಂಕಿಯೂ ಇಲ್ಲ. ಎದೆ ಧಸಕ್ ಅಂತು. ದಾಂಡೇಲಿಗೆ ಹೊರಡಲು ಜೀಪಿಗೆ ಹೇಳಿಯೂ ಆಯಿತು. ಪಕ್ಕದ ಮನೆಯ ನರ್ಸ್ ಬಂದು, "ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿ" ಅಂದರು. ಐದು ನಿಮಿಷಕ್ಕೆ ಅಲೆ ಎದ್ದಿತು, ಅಂಕಿಯೂ ಬಂತು. ಅಜ್ಜಿಯ ಹೃದಯ ಮೊದಲಿನ ಹಾಗೇ ಇತ್ತು. ಹಿಗ್ಗಿದ್ದು ಬೆರಳಿನ ರಕ್ತನಾಳ.

ಆಮೇಲೆ ಇದರ ಇತಿಹಾಸ ಕೆದಕುತ್ತಾ ಕೂತೆ. ನಮ್ಮ ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ ಶಿಬಿರ ಶುರುವಾಯಿತು. ಅವರ ವೈದ್ಯಪದ್ಧತಿಯಲ್ಲಿ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ಓದುತ್ತಾರೆ. ಆದರೆ ಬೆರಳಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ತೋರಿಸೋದು ಹೇಗೆ? 1860ರಲ್ಲಿ ಫ್ರಾನ್ಸಿನ ಮರೇ, ನಾಡಿಯನ್ನು ಕಾಗದದ ಮೇಲೆ ಗೀಚುವ ಸ್ಫಿಗ್ಮೋಗ್ರಾಫ್ ಮಾಡಿದ.

ಎಡಿನ್‌ಬರೋದ ತರುಣ ವೈದ್ಯ ಲಾಡರ್ ಬ್ರಂಟನ್ ಅದನ್ನು ಎದೆನೋವಿನ ರೋಗಿಯ ಕೈಗೆ ಕಟ್ಟಿದ. ನೋವು ಬಂದಾಗ ನಾಡಿ ಬಿಗಿದು ಅಲೆ ಕುಗ್ಗುತ್ತಿತ್ತು. ನಾಳ ಹಿಗ್ಗಿಸುವ ಅಮೈಲ್ ನೈಟ್ರೈಟ್ ಮೂಸಿಸಿದ. ಒಂದು ನಿಮಿಷದೊಳಗೆ ನೋವು ಮಾಯ, ಅಲೆ ದೊಡ್ಡದಾಯಿತು! 1867ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. 1879ರಲ್ಲಿ ವಿಲಿಯಂ ಮರೆಲ್ ನೈಟ್ರೋಗ್ಲಿಸರಿನ್ ಬಗ್ಗೆ ಬರೆದ. ಇವತ್ತಿಗೂ ಹೃದ್ರೋಗಿಗಳು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಗುಳಿಗೆ ಅದೇ.

1937ರಲ್ಲಿ ಅಮೆರಿಕದ ಹರ್ಟ್ಸ್‌ಮನ್ ಬೆರಳಿನ ನಾಡಿಯನ್ನು ಬೆಳಕಿನಿಂದ ಅಳೆದ. ಪ್ರತಿ ಬಡಿತಕ್ಕೂ ಬೆರಳಲ್ಲಿ ರಕ್ತ ಹೆಚ್ಚಿ, ದಾಟುವ ಬೆಳಕು ಕಮ್ಮಿಯಾಗುತ್ತೆ. ಆ ಏರಿಳಿತವೇ ಅಲೆ. ನಾಳ ಹಿಗ್ಗಿದರೆ ಅಲೆ ಎತ್ತರ; ಚಳಿಗೆ ಮುದುಡಿದರೆ ಚಪ್ಪಟೆ. ನೈಟ್ರೋಗ್ಲಿಸರಿನ್ ಕೊಟ್ಟರೆ ಇಳಿಜಾರಿನಲ್ಲಿರುವ ಎರಡನೇ ಪುಟ್ಟ ಉಬ್ಬೂ ತಗ್ಗುತ್ತೆ. 1974ರಲ್ಲಿ ಜಪಾನಿನ ಅಓಯಾಗಿ ಇದೇ ಏರಿಳಿತದಿಂದ ಆಮ್ಲಜನಕ ಲೆಕ್ಕ ಹಾಕುವ ದಾರಿ ತೋರಿಸಿದರು. ಅಲೆಯೇ ಇಲ್ಲದಿದ್ದರೆ ಅಂಕಿ ಎಲ್ಲಿಂದ ಬರಬೇಕು?

ಅಂದರೆ ಬೆರಳಿನ ಅಲೆ ಹೃದಯದ ಮಾತು ಮಾತ್ರವಲ್ಲ, ದಾರಿಯಲ್ಲಿರುವ ನಾಳದ ಮಾತೂ ಹೌದು. ಬ್ರಂಟನ್ ಕಂಡಿದ್ದು ಅದನ್ನೇ. ನಾನು ಅರ್ಥ ಮಾಡಿಕೊಳ್ಳೋಕೆ 154 ವರ್ಷ ತಡ, ಅಷ್ಟೇ :)

ಹಳಿಯಾಳ, ದಾಂಡೇಲಿ ಕಡೆಯ ಗೆಳೆಯರೇ, ಚಳಿಗಾಲದಲ್ಲಿ ಬೆರಳು ಬೆಚ್ಚಗೆ ಮಾಡಿ ಅಳೆಯಿರಿ. ಬೆಚ್ಚಗಾದ ಮೇಲೂ ಅಂಕಿ ಕಮ್ಮಿ ಇದ್ದರೆ, ಅಥವಾ ಉಸಿರು ಕಟ್ಟುತ್ತಿದ್ದರೆ, ಯಂತ್ರವನ್ನು ಬೈಯುತ್ತಾ ಕೂರಬೇಡಿ. ಜೀಪಿಗೆ ಹೇಳಿ.